ಹಾಯಿದೋಣಿ ದುಡ್ಡಿದ್ದವರ ಸೊತ್ತಲ್ಲ

ನಿನ್ನೆ ಇಲ್ಲಿ ಇಂಗ್ಲೆಂಡಿನ ಕನ್ನಡಿಗರ ಊಟದ ಕೂಟದಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಇಳಿದಿಲ್ಲ. ಒಬ್ಬಳು ಪುಟ್ಟ ಹುಡುಗಿ ಬಂದು, "ಅಂಕಲ್, ನನಗೂ ಹಾಯಿದೋಣಿ ನಡೆಸಲು ಕಲಿಸುತ್ತೀರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರು, "ಅದೆಲ್ಲ ದುಡ್ಡಿದ್ದವರ ಆಟ ಮಗಳೇ, ನಮಗೆ ಹೇಳಿದ್ದಲ್ಲ" ಎಂದುಬಿಟ್ಟರು. ಸುತ್ತ ಕುಳಿತವರೂ ತಲೆಯಾಡಿಸಿದರು. ಆಮೇಲೆ ನನಗೆ ಊಟ ರುಚಿಸಲಿಲ್ಲ.

ಯಾರು ಹೇಳಿದರು ಇವರಿಗೆ? ಜಾಹೀರಾತಿನ ಬಿಳಿ ಯಾಟ್ (ಐಷಾರಾಮಿ ದೋಣಿ) ನೋಡಿ ಗಾಳಿಯನ್ನೂ ನೀರನ್ನೂ ಶ್ರೀಮಂತರಿಗೆ ಬರೆದುಕೊಟ್ಟುಬಿಡುವುದೇ?

ನನ್ನದು ಮಿರರ್ ಎಂಬ ಕೆಂಪು ಹಾಯಿಯ ಪುಟ್ಟ ದೋಣಿ. ಅದು ಹುಟ್ಟಿದ್ದೇ ಕೈಯಲ್ಲಿ ಹೆಚ್ಚು ಕಾಸಿಲ್ಲದವರಿಗಾಗಿ. 1963ರಲ್ಲಿ ಇಲ್ಲಿಯ ಡೈಲಿ ಮಿರರ್ ಪತ್ರಿಕೆ ಅದನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಾಟಕ್ಕೆ ತಂದಾಗ ಬೆಲೆ 63 ಪೌಂಡ್ 11 ಶಿಲಿಂಗ್. ಟಿವಿಯಲ್ಲಿ ಮನೆಗೆಲಸದ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಮತ್ತು ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ರೂಪಿಸಿದ ಈ ದೋಣಿಗೆ ಬಡಗಿಯ ಕೌಶಲವೇ ಬೇಡ. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದರೆ ಸಾಕು. ಗ್ಯಾರೇಜಿನಲ್ಲಿ, ಹಿತ್ತಲಿನಲ್ಲಿ ಜನ ತಾವೇ ಕಟ್ಟಿಕೊಂಡರು. ಇಂದಿಗೆ 70,000ಕ್ಕೂ ಹೆಚ್ಚು ಮಿರರ್‌ಗಳಾಗಿವೆ. ಉದ್ದ 3.3 ಮೀಟರ್, ಕಾರಿನ ತಲೆಯ ಮೇಲೆ ಕಟ್ಟಿ ಒಯ್ಯಬಹುದು. ಹಳೆಯದನ್ನು ನಾನು ಕೊಂಡದ್ದು ಒಂದು ಒಳ್ಳೆಯ ಸೈಕಲ್ಲಿಗಿಂತ ಕಡಿಮೆ ಬೆಲೆಗೆ.

"ದೋಣಿಯೇನೋ ಅಗ್ಗ, ಅದನ್ನು ಸಾಕುವುದು?" ಎನ್ನುತ್ತಾರೆ. ಲಂಗರು ಹಾಕುವ ಜಾಗಕ್ಕೆ ಬಾಡಿಗೆ, ಕ್ಲಬ್ಬಿನ ಚಂದಾ, ವಿಮೆ. ದೊಡ್ಡ ದೋಣಿಗೆ ಆ ಮಾತು ನಿಜ. ನನ್ನದು ಮನೆಯ ಹಿಂದೆ ಟಾರ್ಪಾಲಿನಡಿ ಮಲಗಿರುತ್ತದೆ. ಬಂದರಿನ ಶುಲ್ಕವೂ ವಿಮೆಯೂ ಇವೆ, ಆದರೆ ಅವು ಈ ಗಾತ್ರದ ದೋಣಿಗೆ ಭಾರವಲ್ಲ. ಜೀವರಕ್ಷಕ ಜಾಕೆಟ್ಟಿನಲ್ಲಿ ಮಾತ್ರ ಜಿಪುಣತನ ಕೂಡದು. ಉಳಿದದ್ದೆಲ್ಲ ತೇಪೆಯಲ್ಲಿ ನಡೆಯುತ್ತದೆ.

ಮತ್ತೆ ಸುಖ? ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಚಿಚೆಸ್ಟರ್ ಬಂದರಿನ ಒಳಕೊಲ್ಲಿಗೆ ಬಂದು ನೋಡಿ. ಇಳಿತದಲ್ಲಿ ಬರೀ ಕೆಸರು, ಉಬ್ಬರ ಬಂದಾಗ ಬೋಶಮ್ ಹಳ್ಳಿಯ ದಂಡೆಯ ರಸ್ತೆಯೇ ಮುಳುಗುತ್ತದೆ. ಆ ಏರುನೀರಿನಲ್ಲಿ ಹೊರಡಬೇಕು. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಾಯಿಯ ಹಗ್ಗ. ಹಾಯಿಯ ಮುಂದಿನ ಅಂಚು ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಹಗ್ಗವನ್ನು ಗೇಣುದ್ದ ಎಳೆಯಿರಿ, ಸದ್ದು ನಿಂತು ಬಟ್ಟೆ ತುಂಬಿಕೊಳ್ಳುತ್ತದೆ, ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ, ಬೆರಳಿನಷ್ಟೂ ದಪ್ಪವಿಲ್ಲದ ಹಲಗೆಯ ಕೆಳಗೆ ನೀರು ಗುಳುಗುಳು ಎನ್ನತೊಡಗುತ್ತದೆ. ನೀವು ಹಿಂದಕ್ಕೆ ಬಾಗಿದರೆ ಅದು ಸರಿಯಾಗುತ್ತದೆ, ಮುಂದಕ್ಕೆ ಬಂದರೆ ಮತ್ತೆ ವಾಲುತ್ತದೆ. ಮೈಯ ತೂಕಕ್ಕೆ ಹೀಗೆ ಓಗೊಡುವ ದೋಣಿ ಚಿಕ್ಕದೇ ಆಗಿರಬೇಕು. ನೀರು ತೆಳುವಾದರೆ ನಡುವಿನ ಹಲಗೆಯನ್ನು ಮೇಲೆತ್ತಿ ಮೊಣಕಾಲುದ್ದದ ನೀರಿನಲ್ಲೂ ಹೋಗಬಹುದು. ಕೋಟಿ ಬೆಲೆಯ ಯಾಟ್‌ಗೆ ಆ ಮೂಲೆಗಳೇ ಕಾಣುವುದಿಲ್ಲ!

ಇನ್ನೊಂದು ಮಾತು ಹೇಳಿಯೇ ಬಿಡುತ್ತೇನೆ. ನನ್ನ ಅಜ್ಜ ಗಂಗೊಳ್ಳಿಯ ಅಳಿವೆಯಲ್ಲಿ ಹಾಯಿ ಕಟ್ಟಿ ಮೀನಿಗೆ ಹೋಗುತ್ತಿದ್ದವರು. ಅಕ್ಷರ ಬರುತ್ತಿರಲಿಲ್ಲ, ಬೆಳಗಿನ ನೆಲಗಾಳಿ ಯಾವಾಗ ಸಾಯುತ್ತದೆ, ಪಡುಗಾಳಿ ಯಾವಾಗ ಏಳುತ್ತದೆ ಎಂಬುದು ಬರುತ್ತಿತ್ತು. ಅಪ್ಪ ನಮ್ಮನ್ನು ನೀರಿನ ಹತ್ತಿರವೇ ಬಿಡಲಿಲ್ಲ. ಹಾಯಿ ಅವರಿಗೆ ಬಡತನದ ಗುರುತಾಗಿತ್ತು, ಮಕ್ಕಳು ಓದಿ ಗುಮಾಸ್ತರಾದರೆ ಸಾಕಿತ್ತು. ಆಗ ಬಡವರದೆಂದು ಬಿಟ್ಟೆವು, ಈಗ ಶ್ರೀಮಂತರದೆಂದು ಬಿಡುತ್ತಿದ್ದೇವೆ. ಹಾಗಾದರೆ ನಮ್ಮ ಮಕ್ಕಳಿಗೆ ಅದು ಯಾವಾಗ ಸಿಗಬೇಕು? ನಿನ್ನೆ ಮಾತಾಡಿದ ಹಿರಿಯರೂ ಕರಾವಳಿಯವರೇ. ಅದಕ್ಕೇ ನನಗೆ ಇಷ್ಟು ಸಂಕಟ.

ಹುಡುಗಿಯ ತಾಯಿಯೊಂದಿಗೆ ರಾತ್ರಿ ಫೋನಿನಲ್ಲಿ ಮಾತಾಡಿದ್ದೇನೆ, ಶನಿವಾರ ಅವಳನ್ನು ದೋಣಿಗೆ ಕಳಿಸಲು ಒಪ್ಪಿದ್ದಾರೆ. ಮಕ್ಕಳ ಅಳತೆಯ ಜಾಕೆಟ್ಟುಗಳು ನನ್ನಲ್ಲಿವೆ. ಬರುವವರು ಒದ್ದೆಯಾದರೂ ಸರಿ ಎನ್ನುವ ಹಳೆಯ ಶೂ, ಬದಲಿ ಬಟ್ಟೆ ತನ್ನಿ. ಶನಿವಾರದ ಉಬ್ಬರ ಎಷ್ಟು ಹೊತ್ತಿಗೆ ಎಂದು ನೋಡಿ ಇಲ್ಲೇ ಬರೆಯುತ್ತೇನೆ.