ಸಲಿಂಗಕಾಮಿ ಅನ್ನೋ ಪದ ಕ್ರೈಮ್ ಪೇಜಿಂದ ಆಚೆ ಬರಲಿ

ಯಾವುದೋ ಹಾಸ್ಟೆಲ್ ವಾರ್ಡನ್ ಒಬ್ಬ ಹದಿಮೂರು ವರ್ಷದ ಹುಡುಗನ ಮೇಲೆ ದೌರ್ಜನ್ಯ ಮಾಡಿ ಸಿಕ್ಕಿಬಿದ್ದ ಅಂದ್ಕೊಳ್ಳಿ, ಮಾರನೇ ದಿನ ಹೆಡ್ಡಿಂಗ್ ಏನಿರುತ್ತೆ ಅಂತ ಕನ್ನಡ ನ್ಯೂಸ್ ನೋಡೋ ಯಾರಾದ್ರೂ ಹೇಳಿಬಿಡ್ತಾರೆ. 'ಸಲಿಂಗಕಾಮಿ ವಾರ್ಡನ್ ಸೆರೆ'. ಅದೇ ಮನುಷ್ಯ ಹುಡುಗಿ ಮೇಲೆ ಕೈ ಹಾಕಿದ್ರೆ ಅವನು ಕಾಮುಕ, ನೀಚ, ಪೋಕ್ಸೋ ಆರೋಪಿ. 'ಭಿನ್ನಲಿಂಗಕಾಮಿ ವಾರ್ಡನ್' ಅಂತ ಯಾರೂ ಬರೆಯಲ್ಲ, ಬರೆಯೋ ಅಗತ್ಯನೂ ಇಲ್ಲ, ಯಾಕಂದ್ರೆ ಹೆಣ್ಣನ್ನ ಇಷ್ಟಪಡೋ ಗಂಡಸರೆಲ್ಲ ಅಂಥವರಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮ ವಿಷಯದಲ್ಲಿ ಮಾತ್ರ ಆ ತಿಳುವಳಿಕೆ ಎಲ್ಲಿ ಹೋಗುತ್ತೆ? ಮಗುವಿನ ಮೇಲಿನ ದೌರ್ಜನ್ಯಕ್ಕೂ, ಇಪ್ಪತ್ತು ವರ್ಷದಿಂದ ಒಂದೇ ಮನೇಲಿ ಬಾಳ್ತಿರೋ ಇಬ್ಬರು ಗಂಡಸರಿಗೂ ಒಂದೇ ಪದ. ನಾನು ಗೇ. ವಯಸ್ಸು ನಲವತ್ತು ದಾಟಿದೆ, ತುಮಕೂರು ಕಡೆಯವನು, ಯೋಚನೆ ಮಾಡೋದು ಕನ್ನಡದಲ್ಲೇ, ಅದಕ್ಕೆ ಈ ಪದದ ಬಗ್ಗೆ ನನಗೆ ಹೇಳೋದು ತುಂಬಾ ಇದೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಈ ಪದದ ಹಿಂದಿರೋ ಇಂಗ್ಲಿಷ್ ಪದ ಹೋಮೋಸೆಕ್ಷುಯಲ್ ಹುಟ್ಟಿದ್ದು ಎಲ್ಲಿ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಡಾಕ್ಟರೂ ಅಲ್ಲ, ಪೊಲೀಸೂ ಅಲ್ಲ, ಕಾರ್ಲ್ ಮರಿಯಾ ಕೆರ್ಟ್‌ಬೆನಿ ಅಂತ ಒಬ್ಬ ಬರಹಗಾರ, ಹಂಗೇರಿಯ ಕವಿತೆಗಳನ್ನ ಜರ್ಮನ್‌ಗೆ ಅನುವಾದ ಮಾಡ್ತಿದ್ದೋನು, 1868ರಲ್ಲಿ ಒಂದು ಕಾಗದದಲ್ಲಿ ಮೊದಲು ಬಳಸಿದ. ಕಾಗದ ಬರೆದಿದ್ದು ಕಾರ್ಲ್ ಹೈನ್‌ರಿಖ್ ಉಲ್ರಿಕ್ಸ್ ಅನ್ನೋ ವಕೀಲನಿಗೆ. ಈ ಉಲ್ರಿಕ್ಸ್ 1867ರಲ್ಲೇ ಮ್ಯೂನಿಕ್‌ನಲ್ಲಿ ಜರ್ಮನ್ ಕಾನೂನು ಪಂಡಿತರ ಸಭೆ ಮುಂದೆ ನಿಂತು, ನಮ್ಮಂಥವರನ್ನ ಶಿಕ್ಷಿಸೋ ಕಾನೂನು ತೆಗೀರಿ ಅಂತ ಮಾತಾಡೋಕೆ ಹೋಗಿ, ಸಭೆಯವರು ಕೂಗಾಡಿ ಬಾಯಿ ಮುಚ್ಚಿಸಿದ್ರು. ಅವನು ತನ್ನಂಥವರಿಗೆ 'ಉರ್ನಿಂಗ್' ಅಂತ ಬೇರೇನೇ ಹೆಸರಿಟ್ಟಿದ್ದ, ಅದು ನಿಲ್ಲಲಿಲ್ಲ. ಕೆರ್ಟ್‌ಬೆನಿ ಮಾಡಿದ ಪದ 1869ರಲ್ಲಿ ಹೆಸರು ಹಾಕದೇ ಅಚ್ಚಾದ ಕರಪತ್ರದಲ್ಲಿ ಬಂತು, ಪ್ರಷ್ಯಾದ ಕಾನೂನನ್ನ ವಿರೋಧಿಸೋ ಕರಪತ್ರ ಅದು. ಅವನ ಸ್ನೇಹಿತನೊಬ್ಬ ಬ್ಲ್ಯಾಕ್‌ಮೇಲ್‌ಗೆ ಸಿಕ್ಕಿ ಜೀವ ಕಳ್ಕೊಂಡಿದ್ದ, ಆ ನೋವೇ ಈ ಹೋರಾಟಕ್ಕೆ ಕಾರಣ ಅಂತ ಅವನೇ ಬರೆದಿದ್ದಾನೆ. ಅಂದ್ರೆ ನಮ್ಮ ಪರವಾಗಿ ವಾದ ಮಾಡೋಕೇ ಹುಟ್ಟಿದ ಪದ ಅದು! ವಾದ ಗೆಲ್ಲಲಿಲ್ಲ, 1871ರಲ್ಲಿ ಆ ಕಾನೂನು ಇಡೀ ಜರ್ಮನಿಗೇ ಬಂತು, ಮುಂದೆ ಕ್ರಾಫ್ಟ್-ಎಬಿಂಗ್ ಅನ್ನೋ ಮನೋವೈದ್ಯ 1886ರಲ್ಲಿ ಶುರುಮಾಡಿದ ತನ್ನ ದಪ್ಪ ಪುಸ್ತಕದಲ್ಲಿ ಇದೇ ಪದಾನ ಕಾಯಿಲೆಗಳ ಪಟ್ಟಿಗೆ ಸೇರಿಸ್ದ. ಆ ಪಟ್ಟಿಯಿಂದ ಆಚೆ ಬರೋಕೆ ಅಮೆರಿಕದ ಮನೋವೈದ್ಯರ ಸಂಘದಲ್ಲಿ 1973ರ ತನಕ, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ 1990ರ ತನಕ ಕಾಯ್ಬೇಕಾಯ್ತು.

ಇನ್ನು ನಮ್ಮಂಥವರನ್ನ ಅಪರಾಧಿಗಳು ಅಂದಿದ್ದ, ಹಳೇ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ 1860ರದ್ದು. ಅಂದ್ರೆ ಆ ಕರಪತ್ರಕ್ಕಿಂತ ಒಂಬತ್ತು ವರ್ಷ ಹಳೇದು. ಅದರೊಳಗೆ ನಮಗೆ ಹೆಸರೇ ಇರಲಿಲ್ಲ. 'ನಿಸರ್ಗದ ನಿಯಮಕ್ಕೆ ವಿರುದ್ಧವಾದ' ಕ್ರಿಯೆ ಅಂತ ಇತ್ತು ಅಷ್ಟೆ, ಮಾಡಿದವನು ಯಾರು, ಯಾರನ್ನ ಪ್ರೀತಿಸ್ತಾನೆ, ಒಪ್ಪಿಗೆ ಇತ್ತಾ ಇಲ್ವಾ, ಯಾವುದೂ ಅದಕ್ಕೆ ಬೇಕಿರಲಿಲ್ಲ. ಒಪ್ಪಿಗೆ ಇರೋದನ್ನೂ ಇಲ್ಲದ್ದನ್ನೂ ಒಂದೇ ಗಂಟು ಕಟ್ಟಿದ್ದು ಆ ಸೆಕ್ಷನ್ನೇ. ನಮ್ಮ ಕ್ರೈಮ್ ವರದಿಗಾರರು ಎಫ್ಐಆರ್ ನೋಡಿ ಬರೆಯೋರು, ಎಫ್ಐಆರ್‌ನಲ್ಲಿ 'ಅನೈಸರ್ಗಿಕ ಲೈಂಗಿಕ ಕ್ರಿಯೆ' ಅಂತಿರ್ತಿತ್ತು, ಅದು ಹೆಡ್ಡಿಂಗ್‌ಗೆ ಬರೋ ಹೊತ್ತಿಗೆ 'ಸಲಿಂಗಕಾಮ' ಆಗ್ತಿತ್ತು. ವಾರ್ಡನ್ ಹೆಡ್ಡಿಂಗ್‌ನ ಬೇರು ಇಲ್ಲೇ ಇದೆ ಅನ್ನೋದು ನನ್ನ ನಂಬಿಕೆ.

ನಾನು ಈ ಪದವನ್ನ ಮೊದಲು ಓದಿದ್ದು ಊರಿನ ಲೈಬ್ರರಿಗೆ ಬರ್ತಿದ್ದ ಒಂದು ವಾರಪತ್ರಿಕೆಯ ಪ್ರಶ್ನೋತ್ತರದಲ್ಲಿ. ಕೆಳಗೆ 'ಹೆಸರು, ಊರು ಬೇಡ' ಅಂತ ಇರ್ತಿತ್ತು, ನೆನಪಿದ್ಯಾ? ಪ್ರಶ್ನೆ ಹೆಚ್ಚುಕಮ್ಮಿ ಒಂದೇ ಥರ, ನನಗೆ ಸಲಿಂಗಕಾಮದ ಚಟ ಇದೆ, ಬಿಡೋದು ಹೇಗೆ. ಚಟ. ಬೀಡಿ, ಇಸ್ಪೀಟು, ಕುಡಿತದ ಸಾಲಲ್ಲಿ. ಉತ್ತರವೂ ಅದಕ್ಕೆ ತಕ್ಕ ಹಾಗೇ, ಮನಸ್ಸನ್ನ ಬೇರೆ ಕಡೆ ತಿರುಗಿಸಿ, ಯೋಗ ಮಾಡಿ, ಮದುವೆ ಆದ್ರೆ ಎಲ್ಲ ಸರಿ ಹೋಗುತ್ತೆ. ಆ ಕೊನೇ ಸಲಹೆ ನಂಬಿ ಮದುವೆ ಆದ ಗಂಡಸರು ಎಷ್ಟು ಜನ, ಏನೂ ತಪ್ಪು ಮಾಡದೇ ಆ ಮದುವೆಗಳಲ್ಲಿ ಒಣಗಿ ಹೋದ ಹೆಣ್ಮಕ್ಕಳು ಎಷ್ಟು ಜನ ಅಂತ ಯೋಚಿಸಿದ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಲೈಬ್ರರಿ ಆಚೆ ಬಂದ್ರೆ ಬೀದಿಯ ಪದಗಳು, ಚಕ್ಕ, ಖೋಜಾ, ಒಂಬತ್ತು, ಹೆಣ್ಣಿಗ. ಸ್ಕೂಲಲ್ಲಿ ರೋಲ್ ನಂಬರ್ ಒಂಬತ್ತು ಬಂದ ಹುಡುಗ ವರ್ಷವಿಡೀ ನಗೆಪಾಟಲು. ಆ ಬೈಗುಳಗಳಿಗೆ ಗೇ ಯಾರು, ಟ್ರಾನ್ಸ್ ಯಾರು, ಸುಮ್ಮನೆ ಮೆಲ್ಲಗೆ ಮಾತಾಡೋ ಹುಡುಗ ಯಾರು ಅನ್ನೋ ವ್ಯತ್ಯಾಸ ಇರಲೇ ಇಲ್ಲ. ಇವತ್ತಿಗೂ ವಿದ್ಯಾವಂತರೇ ಗೇ ಅಂದ್ರೆ ಮಂಗಳಮುಖಿ ಅಂತ ತಿಳ್ಕೊಂಡಿರ್ತಾರೆ. ಮಂಜಮ್ಮ ಜೋಗತಿಯವರು 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದ ಮೇಲೆ ಟ್ರಾನ್ಸ್ ಮಹಿಳೆಯರ ಬಗ್ಗೆ, ಜೋಗಪ್ಪ ಪರಂಪರೆ ಬಗ್ಗೆ ಗೌರವದ ಮಾತು ಸ್ವಲ್ಪ ಜಾಸ್ತಿ ಆಯ್ತು, ಅದು ದೊಡ್ಡ ವಿಷಯ, ಆದ್ರೆ ಅವರ ದಾರಿ ಬೇರೆ, ನನ್ನದು ಬೇರೆ.

ಬೆಂಗಳೂರಿಗೆ ಬಂದ ಮೇಲೆ ಪದಗಳ ಇನ್ನೊಂದು ಲೋಕ ಸಿಕ್ತು. ಪಾರ್ಕಲ್ಲಿ, ಬಸ್‌ಸ್ಟ್ಯಾಂಡಲ್ಲಿ ಸಿಗೋ ಬಡವರ ಮನೆ ಹುಡುಗರು ತಮ್ಮನ್ನ ಗೇ ಅಂತ ಕರ್ಕೊಳ್ತಿರಲಿಲ್ಲ, ಕೋತಿ ಅಂತಿದ್ರು, ಅವರಿಗೆ ಇಷ್ಟ ಆಗೋ ಗಂಡಸು ಪಂತಿ, ಎರಡೂ ಆಗಿರೋನು ಡಬಲ್ ಡೆಕ್ಕರ್. ಕನ್ನಡದಲ್ಲಿ ಕೋತಿ ಅಂದ್ರೆ ಬೇರೆ ಅರ್ಥ ಇದ್ರೂ ಅವರು ಅದನ್ನ ಎಷ್ಟು ಆತ್ಮೀಯವಾಗಿ ಬಳಸ್ತಿದ್ರು ಅಂದ್ರೆ ಕೇಳಿದವರಿಗೆ ಆ ಅರ್ಥ ನೆನಪೇ ಆಗ್ತಿರಲಿಲ್ಲ. ಗೇ ಅನ್ನೋದು ಇಂಗ್ಲಿಷ್ ಬಂದೋರ ಪದ ಆಗಿತ್ತು, ಗುಡ್ ಆ್ಯಸ್ ಯೂ ಅನ್ನೋ ಗುಂಪು 1994ರಿಂದ ಇತ್ತು. 1999ರಲ್ಲಿ ಸಂಗಮ ಸಂಸ್ಥೆ ಶುರುವಾದ ಮೇಲೆ ಕನ್ನಡದಲ್ಲಿ 'ಲೈಂಗಿಕ ಅಲ್ಪಸಂಖ್ಯಾತರು' ಅನ್ನೋ ಮಾತು ಬಲವಾಯ್ತು. ನನಗೆ ಆ ಪದದ ಮೇಲೆ ಗೌರವ ಇದೆ, ಯಾಕಂದ್ರೆ ಅದು ಹಾಸಿಗೆ ಬಗ್ಗೆ ಅಲ್ಲ, ಹಕ್ಕಿನ ಬಗ್ಗೆ ಮಾತಾಡಿದ ಪದ, ಟೌನ್‌ಹಾಲ್ ಮುಂದೆ ಮೈಕಲ್ಲಿ ಕೂಗಬಹುದಾದ ಪದ. ಅದೇ ಕಾಲಕ್ಕೆ ಎಚ್ಐವಿ ಪ್ರಾಜೆಕ್ಟ್‌ಗಳು ನಮ್ಮನ್ನ ಎಂಎಸ್ಎಂ ಮಾಡಿದ್ವು, ಅಂದ್ರೆ ಗಂಡಸರ ಜೊತೆ ಲೈಂಗಿಕ ಸಂಬಂಧ ಇರೋ ಗಂಡಸರು ಅನ್ನೋದರ ಇಂಗ್ಲಿಷ್ ಚುಟುಕು. ಕಾಂಡೋಮ್ ಹಂಚೋಕೆ, ರಿಜಿಸ್ಟರ್ ತುಂಬೋಕೆ ಸಾಕಾಗೋ ಪದ, ಜೀವ ಉಳಿಸಿದ ಕೆಲಸ ಅದು, ಆದ್ರೆ 'ಅಮ್ಮಾ ನಾನು ಎಂಎಸ್ಎಂ' ಅಂತ ಯಾವ ಮಗನೂ ಹೇಳಕ್ಕಾಗಲ್ಲ.

ಹೆಂಗಸರ ಕಥೆ ಇನ್ನೂ ಕಷ್ಟ. ನಮಗೆ ಬೈಗುಳವಾದ್ರೂ ಇತ್ತು. ಇಬ್ಬರು ಹುಡುಗಿಯರು ಒಟ್ಟಿಗೆ ಊರು ಬಿಟ್ರೆ, ಒಟ್ಟಿಗೆ ವಿಷ ಕುಡಿದ್ರೆ ಕೂಡ ಸುದ್ದೀಲಿ ಅವರು 'ಗೆಳತಿಯರು'. ಬೆಂಗಳೂರಿನಲ್ಲಿ ಲೆಸ್‌ಬಿಟ್ (ಲೆಸ್ಬಿಯನ್, ಬೈಸೆಕ್ಷುಯಲ್, ಟ್ರಾನ್ಸ್ ಸೇರಿಸಿ ಮಾಡಿದ ಹೆಸರು) ಅಂತ ಗುಂಪು ಕಟ್ಟಿಕೊಂಡೋರು ತಮ್ಮ ಹೆಸರನ್ನ ಇಂಗ್ಲಿಷ್‌ನಿಂದಲೇ ತಗೊಂಡ್ರು, ಬೇರೆ ಎಲ್ಲಿಂದ ತಗೋಬೇಕಿತ್ತು?

ಈಗ ನಮ್ಮವರಲ್ಲೇ ಒಂದು ಚರ್ಚೆ ಇದೆ, 'ಸಲಿಂಗಕಾಮಿ' ಬೇಡ, 'ಸಲಿಂಗಪ್ರೇಮಿ' ಅನ್ನಿ ಅಂತ. ಹೇಳೋರ ನೋವು ಅರ್ಥ ಆಗುತ್ತೆ. ಆದ್ರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಧರ್ಮ ಅರ್ಥ ಕಾಮ ಮೋಕ್ಷ ಅಂತ ನಾಲ್ಕು ಪುರುಷಾರ್ಥ ಹೇಳಿದ ನಾಡಲ್ಲಿ ಕಾಮ ಅನ್ನೋದು ಯಾವಾಗ ಬೈಗುಳ ಆಯ್ತು? ನಮ್ಮಲ್ಲಿ ಪ್ರೇಮ ಇದೆ, ಕಾಮನೂ ಇದೆ, ಎಲ್ಲರ ಹಾಗೆ. ಕಾಮ ತೆಗೆದು ಪ್ರೇಮ ಮಾತ್ರ ತೋರಿಸಿದ್ರೆ ಒಪ್ತೀವಿ ಅಂತ ಸಮಾಜ ಅಂದ್ರೆ ಆ ಒಪ್ಪಿಗೆ ನನಗೆ ಬೇಡ. ವಸುಧೇಂದ್ರ 2013ರಲ್ಲಿ ಗೇ ಗಂಡಸಿನ ಬದುಕಿನ ಕಥೆಗಳ ಪುಸ್ತಕ 'ಮೋಹನಸ್ವಾಮಿ' ತಂದಾಗ ಕನ್ನಡ ಓದುಗರು ಪ್ರೇಮ, ಕಾಮ ಎರಡನ್ನೂ ಒಟ್ಟಿಗೆ ಓದಿದ್ರು, ಆ ವರ್ಷದ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟು 377ನ್ನ ಮತ್ತೆ ಊರ್ಜಿತ ಮಾಡಿತ್ತು, ನಮ್ಮಲ್ಲಿ ಎಷ್ಟೋ ಜನಕ್ಕೆ ಆ ದಿನಗಳಲ್ಲಿ ಆ ಪುಸ್ತಕವೇ ಆಸರೆ. ಗೇ ಅನ್ನಿ, ಸಲಿಂಗಿ ಅನ್ನಿ, ಸಮಲಿಂಗಿ ಅನ್ನಿ, ಕ್ವಿಯರ್ ಅನ್ನಿ, ಎದುರಿಗಿರೋರು ತಮ್ಮನ್ನ ಏನಂತ ಕರ್ಕೊಳ್ತಾರೋ ಅದನ್ನೇ ಬಳಸಿ. ನನ್ನ ತಕರಾರು ಪದಕ್ಕಿಂತ ಹೆಚ್ಚಾಗಿ ಅದನ್ನ ಎಲ್ಲಿ ಅಚ್ಚು ಹಾಕ್ತೀರಿ ಅನ್ನೋದರ ಬಗ್ಗೆ.

ಪತ್ರಿಕೆಗಳು ಬದಲಾಗಲ್ಲ ಅನ್ನಬೇಡಿ. ನ್ಯೂಯಾರ್ಕ್ ಟೈಮ್ಸ್‌ನಂಥ ಪೇಪರ್ ತನ್ನ ವರದಿಗಳಲ್ಲಿ ಗೇ ಅನ್ನೋ ಪದಕ್ಕೆ ಒಪ್ಪಿಗೆ ಕೊಟ್ಟಿದ್ದು 1987ರಲ್ಲಿ, ಅಷ್ಟು ವರ್ಷ ಹಠ ಹಿಡಿದು ಆಮೇಲೆ. ನಮ್ಮಲ್ಲಿ 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ 377 ಅನ್ನೋ ಸೆಕ್ಷನ್ನೇ ಇಲ್ಲ. ಇದರಲ್ಲಿ ಒಂದು ದೊಡ್ಡ ತಪ್ಪೂ ಆಗಿದೆ, ವಯಸ್ಕ ಗಂಡಸಿನ ಮೇಲೆ ಅತ್ಯಾಚಾರ ಆದ್ರೆ ಹಾಕೋಕೆ ಇದ್ದ ಒಂದೇ ಸೆಕ್ಷನ್ ಅದು, ಅದರ ಜಾಗಕ್ಕೆ ಏನನ್ನೂ ತರದೇ ಕಿತ್ತುಹಾಕಿದ್ರು, ಈಗ ಹೊಸ ಸಂಹಿತೆಯ ಅತ್ಯಾಚಾರದ ಸೆಕ್ಷನ್ ಪ್ರಕಾರ ಸಂತ್ರಸ್ತೆ ಹೆಣ್ಣೇ ಆಗಿರಬೇಕು. ಅಂಥ ಗಂಡಸಿನ ನೋವನ್ನ 'ಸಲಿಂಗಕಾಮ ಪ್ರಕರಣ' ಅಂತ ಬರೆದ್ರೆ ಅವನಿಗೂ ಅನ್ಯಾಯ, ನಮಗೂ ಅನ್ಯಾಯ, ದೌರ್ಜನ್ಯ ಮಾಡಿದವನ ತಪ್ಪು ಮಾತ್ರ ಆ ಪದದ ಹಿಂದೆ ಮರೆಯಾಗುತ್ತೆ.

ಡೆಸ್ಕ್‌ನಲ್ಲಿ ಕೂತಿರೋ ಸ್ನೇಹಿತರು ನನ್ನ ಲಿಸ್ಟಲ್ಲಿ ಇದೀರಿ, ಅದಕ್ಕೆ ನೇರವಾಗಿ ಕೇಳ್ತಿದೀನಿ. ಮಗುವಿನ ಮೇಲೆ ಆಗಿದ್ರೆ 'ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ' ಅಂತ ಬರೀರಿ, ಗಂಡಸಿನ ಮೇಲೆ ಆಗಿದ್ರೆ 'ಪುರುಷನ ಮೇಲೆ ಲೈಂಗಿಕ ದೌರ್ಜನ್ಯ' ಅಂತ ಬರೀರಿ, ಎರಡೂ ಹೆಡ್ಡಿಂಗ್‌ನಲ್ಲಿ ಹಿಡಿಸುತ್ತೆ. 'ಅನೈಸರ್ಗಿಕ' ಅನ್ನೋದನ್ನ ಬಿಟ್ಟುಬಿಡಿ, ಈಗ ಕಾನೂನಿನಲ್ಲೂ ಅದಿಲ್ಲ. ಸಲಿಂಗಕಾಮಿ ಅಂತ ಬರೀಲೇಬೇಕು ಅನಿಸಿದಾಗ ಮನೆ ಬಾಡಿಗೆ ಸಿಗದ ಜೋಡಿ ಬಗ್ಗೆ ಬರೀರಿ, ಆಸ್ಪತ್ರೆ ಫಾರ್ಮ್‌ನಲ್ಲಿ ಸಂಗಾತಿ ಹೆಸರು ಬರೆಯೋಕಾಗದೇ ನಿಂತವರ ಬಗ್ಗೆ ಬರೀರಿ, 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿಂದ ಮದುವೆ ಹಕ್ಕು ಸಿಗದೇ ವಾಪಸ್ ಬಂದೋರು ಈಗ ಏನು ಮಾಡ್ತಿದಾರೆ ಅಂತ ಬರೀರಿ. ಮಾತಾಡೋಕೆ ಜನ ಬೇಕು ಅಂದ್ರೆ ಇನ್‌ಬಾಕ್ಸ್‌ಗೆ ಬನ್ನಿ, ಹೆಸರು ಊರು ಹಾಕಿಯೇ ಮಾತಾಡೋಕೆ ನಾನಂತೂ ತಯಾರಿದೀನಿ.