ಎಲ್ಲ ಕೇಬಲ್ಲೂ ಒಂದೇ ಅಂತೆ!

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳಲ್ಲಿ ಹೋಮ್ ಥಿಯೇಟರ್ ಕೇಳಿ ನೋಡಿ. ಮೊದಲು ವ್ಯಾಟ್ ಲೆಕ್ಕ, ಆಮೇಲೆ ಎದೆ ನಡುಗಿಸುವ ಸಬ್‌ವೂಫರ್. ಯಾವ ತಂತಿಯಲ್ಲಿ ಯಾವ ಧ್ವನಿ ಹೋಗುತ್ತದೆ ಎಂದು ಕೇಳಿದರೆ ಮಾತ್ರ, ‘ಎಲ್ಲ ಒಂದೇ ಸರ್, ಆಪ್ಟಿಕಲ್ ಹಾಕಿಬಿಡಿ’ ಎಂಬ ಉತ್ತರ.

ಒಂದೇ ಹೇಗಾಗುತ್ತದೆ? ಬೆಳಕಿನ ಮೂಲಕ ಧ್ವನಿ ಒಯ್ಯುವ ಆಪ್ಟಿಕಲ್ ಕೇಬಲ್ ಸಾಗಿಸುವುದು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಎಂಬ ಸಂಕುಚಿತ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಧ್ವನಿಯನ್ನು. ಸಂಕುಚಿತಗೊಳಿಸದ ಧ್ವನಿಯಾದರೆ ಎರಡೇ ಚಾನೆಲ್, ಅಂದರೆ ಎಡ-ಬಲ ಮಾತ್ರ. ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ನಷ್ಟರಹಿತ (ಮೂಲದಿಂದ ಏನೂ ಕಳೆಯದ) ಧ್ವನಿ ಅದರಲ್ಲಿ ತೂರುವುದೇ ಇಲ್ಲ. ಅದಕ್ಕೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ಬೇಕು. ಅಲ್ಲಿಗೆ ಮುಗಿಯಿತೇ? ಟಿವಿಯ ಹಿಂದೆ ‘ಎಆರ್‌ಸಿ’ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ಹೊರಗೆ ಕಳಿಸುವ ವ್ಯವಸ್ಥೆ) ಎಂದಷ್ಟೇ ಇದ್ದರೆ ಆ ನಷ್ಟರಹಿತ ಧ್ವನಿ ಟಿವಿಯಿಂದ, ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ಗೆ ಬರುವುದಿಲ್ಲ. 2017ರ ಎಚ್‌ಡಿಎಂಐ 2.1 ಆವೃತ್ತಿಯೊಂದಿಗೆ ಬಂದ ‘ಇಎಆರ್‌ಸಿ’ ಇದ್ದರೆ ಬರುತ್ತದೆ, ಅದೂ ಟಿವಿ, ರಿಸೀವರ್ ಎರಡೂ ಕಡೆ ಇದ್ದರೆ. ಒಂದಕ್ಷರಕ್ಕೆ ಇಷ್ಟು ಬೆಲೆ! ಪ್ಲೇಯರನ್ನು ನೇರವಾಗಿ ರಿಸೀವರ್‌ಗೇ ಜೋಡಿಸಿದರೆ ಈ ರಗಳೆಯೇ ಇಲ್ಲ. ಇಷ್ಟು ಹೇಳಲು ಅವರಿಗೇನು ಕಷ್ಟವೋ.

ಅದರ ಬದಲು ಚಿನ್ನದ ಲೇಪದ ಕೇಬಲ್ ತೋರಿಸುತ್ತಾರೆ. ಡಿಜಿಟಲ್ ಸಂಕೇತ ಸರಿಯಾಗಿ ತಲುಪಿದ ಮೇಲೆ ಚಿನ್ನ ಅದಕ್ಕೆ ಯಾವ ಮಾಧುರ್ಯವನ್ನೂ ಸೇರಿಸುವುದಿಲ್ಲ. ಗಂಗೂಬಾಯಿ ಹಾನಗಲ್ಲರನ್ನು ಕೇಳಿ ಕಿವಿ ಪಳಗಿಸಿಕೊಂಡ ಊರಿದು. ಇಲ್ಲಿಯೂ ಹೊಳಪು ತೋರಿಸಿ ಮರುಳು ಮಾಡುವುದೆಂದರೆ!

ಜೋಡಿಸಲು ಬರುವವರದು ಇನ್ನೊಂದು ಪ್ರತಾಪ. ಸರೌಂಡ್ ಸ್ಪೀಕರ್‌ಗಳು ಕುಳಿತವರ ಪಕ್ಕದಿಂದ ತುಸು ಹಿಂದಕ್ಕೆ, ಎದುರಿನ ಟಿವಿಯ ದಿಕ್ಕಿನಿಂದ ಅಳೆದರೆ 110 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ತಂತಿ ಎಳೆಯುವ ಬೇಸರಕ್ಕೆ ಐದನ್ನೂ ಟಿವಿ ಸ್ಟ್ಯಾಂಡಿನ ಮೇಲೆ ಸಾಲಾಗಿ ಇಟ್ಟು, ಚಹಾ ಕುಡಿದು ಹೋಗುತ್ತಾರೆ.