ಸತ್ಯಾಂಶ: ಸುಟ್ಟರೆ ಕಪ್ಪಾಗುವ ಅಕ್ಕಿ ಪ್ಲಾಸ್ಟಿಕ್ ಅಲ್ಲ

"ಅಕ್ಕಿಯನ್ನು ಬೆಂಕಿಗೆ ಹಿಡಿಯಿರಿ, ಕಪ್ಪಾಗಿ ಉರಿದರೆ ಪ್ಲಾಸ್ಟಿಕ್. ಅನ್ನದ ಉಂಡೆ ಪುಟಿದರೂ ಪ್ಲಾಸ್ಟಿಕ್." ಈ ವಾಟ್ಸ್ಆ್ಯಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಎರಡೂ ಮಾತು ತಪ್ಪು.

ಅಕ್ಕಿಯಲ್ಲಿ ಜಾಸ್ತಿ ಇರುವುದು ಪಿಷ್ಟ. ಸಾವಿರಾರು ಗ್ಲೂಕೋಸ್ ಅಣುಗಳು ಸರದ ಹಾಗೆ ಕೂಡಿಕೊಂಡರೆ ಪಿಷ್ಟ. ಗ್ಲೂಕೋಸಿನಲ್ಲಿರುವ ಇಂಗಾಲದ ಪರಮಾಣು 4 ಬಂಧ ಕಟ್ಟಿಕೊಳ್ಳಬಲ್ಲದು. ಅದಕ್ಕೇ ಇಂಥ ಉದ್ದ ಸರಗಳು ಸಾಧ್ಯ. ಪ್ಲಾಸ್ಟಿಕ್ ಚೀಲಗಳ ಪಾಲಿಥೀನ್ ಕೂಡ ಇಂಗಾಲದ ಸರವೇ. ಗೊಂದಲ ಹುಟ್ಟುವುದು ಇಲ್ಲೇ. ಆದರೆ ಪಾಲಿಥೀನಿನಲ್ಲಿ ಇಂಗಾಲ, ಹೈಡ್ರೋಜನ್ ಅಷ್ಟೇ ಇವೆ. ಪಿಷ್ಟದಲ್ಲಿ ಆಮ್ಲಜನಕವೂ ಇದೆ. ಆದ್ದರಿಂದ ಅದು ನೀರನ್ನು ಹಿಡಿದುಕೊಳ್ಳುತ್ತದೆ, ಉಬ್ಬುತ್ತದೆ, ಬೇಯುತ್ತದೆ. ಪಾಲಿಥೀನನ್ನು ಎಷ್ಟು ಕುದಿಸಿದರೂ ಗಂಜಿ ಬಿಡುವುದಿಲ್ಲ.

ಬೆಂಕಿಗೆ ಹಿಡಿದಾಗ ಅಕ್ಕಿಯಿಂದ ನೀರು ಹೊರಟುಹೋಗಿ ಕಪ್ಪು ಇಂಗಾಲ ಉಳಿಯುತ್ತದೆ. ಸೀದ ರೊಟ್ಟಿಯಲ್ಲೂ ಅದೇ ಅಲ್ವಾ? ಪಾಲಿಥೀನ್ ಮೊದಲು ಕರಗಿ ತೊಟ್ಟಿಕ್ಕುತ್ತದೆ. ಇನ್ನು ಉಂಡೆ ಪುಟಿಯುವುದು ಬೆಂದ ಪಿಷ್ಟದ ಅಂಟಿನಿಂದ.

ಅನುಮಾನ ಇದ್ದರೆ ತಣ್ಣಗಾದ ಗಂಜಿಗೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಹಾಕಿ ನೋಡಿ. ಪಿಷ್ಟವಿದ್ದರೆ ಕಡುನೀಲಿ ಬಣ್ಣ ಬರುತ್ತದೆ. ನೋಡಿದ ಮೇಲೆ ಆ ಗಂಜಿಯನ್ನು ಚೆಲ್ಲಿಬಿಡಿ.

ರೇಷನ್ ಅಕ್ಕಿಯ ಬಗ್ಗೆ ಒಂದು ಮಾತು. ಅದರಲ್ಲಿ ಬಣ್ಣ ಸ್ವಲ್ಪ ಬೇರೆಯಾದ, ಕೆಲವೊಮ್ಮೆ ನೀರಲ್ಲಿ ತೇಲುವ ಕಾಳುಗಳು ಸಿಗಬಹುದು. ಪ್ಲಾಸ್ಟಿಕ್ ಎಂದು ಹೆದರಿ ಅವನ್ನು ಆರಿಸಿ ಎಸೆಯುವವರನ್ನು ನೋಡಿದರೆ ಬೇಜಾರಾಗುತ್ತದೆ. ಅವು ಸಾರವರ್ಧಿತ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿ, 1 ಕಿಲೋ ಅಕ್ಕಿಗೆ ಸುಮಾರು 10 ಗ್ರಾಂ ಬೆರೆಸಿರುತ್ತಾರೆ.